ಅಡಿಕೆ, ಅಕ್ಷರ, ಬಣ್ಣದ ವೇಷ: ಫೋನಿನ ಒಳಗನ್ನು ಕೈಕೆಲಸದಿಂದ ಅರಿಯುವ ದಾರಿ

ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮದೊಂದು ವಾಚನಾಲಯ ಉಂಟು. ಭಾನುವಾರ ಮಧ್ಯಾಹ್ನ ಅಲ್ಲಿ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತೇನೆ. ಒಂದು ದಿನ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಅಮ್ಮನ ಫೋನು ತಂದು ತೋರಿಸಿದಳು. ಅಜ್ಜಿಗೆ ಮೆಸೇಜು ಬರೆಯುತ್ತಿದ್ದಳು. 'ಎಂಗೊ' ಅಂತ ಬರೆದರೆ ಕೆಳಗೆ ಕೆಂಪು ಗೆರೆ. ಹವ್ಯಕರ ಮನೆಮಾತಿನಲ್ಲಿ 'ನಾವು' ಅನ್ನುವುದಕ್ಕೆ ಎಂಗೊ ಅನ್ನುತ್ತಾರೆ. "ಟೀಚರ್, ಇದು ತಪ್ಪು ಅಂತ ಇದಕ್ಕೆ ಯಾರು ಹೇಳಿದ್ದು?" ಅಂತ ಕೇಳಿದಳು.

ಆ ಪ್ರಶ್ನೆಯನ್ನು ಹಿಡಿದುಕೊಂಡೇ ಎರಡು ವರ್ಷದಿಂದ ನಮ್ಮ ಚಿತ್ರದ ಕ್ಲಾಸು ನಡೆದಿದೆ. ಯಾರು ಹೇಳಿದ್ದು? ಯಾರು ತೀರ್ಮಾನ ಮಾಡಿದ್ದು? ಗಡಿಯಲ್ಲಿ ಬೆಳೆದವರಿಗೆ ಇದು ಹೊಸ ಪ್ರಶ್ನೆ ಅಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಎಲ್ಲೋ ಕೂತು ಎಳೆದ ಒಂದು ಗೆರೆಯಿಂದ ಬಸ್ಸಿನ ಬೋರ್ಡು, ಆಫೀಸಿನ ಫಾರ್ಮು, ಮಕ್ಕಳ ಪುಸ್ತಕ ಹೇಗೆ ಬದಲಾಗುತ್ತದೆ ಅನ್ನುವುದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಫೋನಿನ ಒಳಗೂ ಅಂಥ ಗೆರೆಗಳು ಎಷ್ಟೋ ಇವೆ. ಅವು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಕಾಣುವ ಹಾಗೆ ಮಾಡುವುದು ಚಿತ್ರದ ಕೆಲಸ, ವಿನ್ಯಾಸದ ಕೆಲಸ. ನಮ್ಮ ಹೈಸ್ಕೂಲುಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಕ್ಲಬ್ಬುಗಳಿವೆ. ಮಕ್ಕಳು ಅಲ್ಲಿ ಪ್ರೋಗ್ರಾಮಿಂಗ್, ಆನಿಮೇಷನ್ ಕಲಿಯುತ್ತಾರೆ. ತುಂಬ ಒಳ್ಳೆಯದು. ಆದರೆ ಯಂತ್ರವನ್ನು ನಡೆಸಲು ಕಲಿಯುವುದು ಒಂದು, ಅದು ಹೀಗೇ ಯಾಕಿದೆ ಎಂದು ಕೇಳಲು ಕಲಿಯುವುದು ಇನ್ನೊಂದು. ಎರಡನೆಯದಕ್ಕೆ ಕಂಪ್ಯೂಟರೇ ಬೇಕಾಗಿಲ್ಲ. ಕೈಯಲ್ಲಿ ಬಿಡಿಸಿದಾಗ, ಕತ್ತರಿಸಿದಾಗ, ಅಂಟಿಸಿದಾಗ ಪ್ರತಿ ಹೆಜ್ಜೆಗೂ ನಾವೇ ತೀರ್ಮಾನ ಮಾಡಬೇಕಾಗುತ್ತದೆ. ಆಗ ಯಂತ್ರದ ಹಿಂದೆಯೂ ಯಾರೋ ಕೂತು ತೀರ್ಮಾನ ಮಾಡಿದ್ದಾರೆ ಅನ್ನುವುದು ತಾನಾಗಿ ಹೊಳೆಯುತ್ತದೆ.

ಶಾಲೆಯ ಚಿತ್ರದ ಟೀಚರುಗಳು, ವಾಚನಾಲಯ ನಡೆಸುವವರು, ಡಿಗ್ರಿ ಓದುವ ಮಕ್ಕಳು ಇದನ್ನು ಮಾಡಿ ನೋಡಬಹುದು. ಆರೇಳು ಜನ ಇದ್ದರೆ ಸಾಕು. ಹಳೆ ಕ್ಯಾಲೆಂಡರಿನ ಹಿಂಬದಿ, ಸ್ಕೆಚ್ ಪೆನ್ನು, ಗೋಂದು, ನೂಲು, ಒಂದು ಕೆಟ್ಟ ಫೋನು, ಒಂದು ಸರಿಯಿರುವ ಫೋನು, ಒಂದು ಸೇರು ಸುಲಿದ ಅಡಿಕೆ. ಖರ್ಚು ಅಂತ ಹೆಚ್ಚೇನೂ ಇಲ್ಲ. ಎಲ್ಲ ಹೆಜ್ಜೆಗಳನ್ನೂ ಒಂದೇ ಸಲ ಮಾಡಬೇಕಾಗಿಲ್ಲ. ವಾರಕ್ಕೊಂದು ಇಟ್ಟುಕೊಳ್ಳಿ.

ಮೊದಲ ಹೆಜ್ಜೆ: ಒಂದು ವಾರದ ಲೆಕ್ಕ

ಪ್ರತಿಯೊಬ್ಬರೂ ಏನಾದರೂ ಒಂದನ್ನು ಮಾತ್ರ ಲೆಕ್ಕ ಹಿಡಿಯಬೇಕು. ಫೋನು ಎಷ್ಟು ಸಲ ಕೈಗೆತ್ತಿಕೊಂಡೆ, ಎಷ್ಟು ಸಲ ಅದು ನನ್ನ ಮಾತನ್ನು ತಿದ್ದಿತು, ದಿನಕ್ಕೆ ಎಷ್ಟು ಭಾಷೆಯಲ್ಲಿ ಬರೆದೆ. ಒಂದೇ ಒಂದು. ಜೇಬಿನಲ್ಲಿ ಸಣ್ಣ ಚೀಟಿ ಇಟ್ಟುಕೊಂಡು ಗೆರೆ ಹಾಕುತ್ತ ಹೋಗಿ. ವಾರದ ಕೊನೆಗೆ ಅದನ್ನು ಪೋಸ್ಟ್ ಕಾರ್ಡಿನಷ್ಟು ಜಾಗದಲ್ಲಿ ಚಿತ್ರ ಮಾಡಿ. ಗ್ರಾಫು ಬೇಡ. ನಿಮ್ಮದೇ ಗುರುತು ಹುಡುಕಿ.

ಜಾರ್ಜಿಯಾ ಲೂಪಿ ಮತ್ತು ಸ್ಟೆಫನಿ ಪೊಸಾವೆಕ್ ಎಂಬ ಇಬ್ಬರು ವಿನ್ಯಾಸಕಾರ್ತಿಯರು ಒಂದು ವರ್ಷ ಪೂರ್ತಿ ಹೀಗೆ ಮಾಡಿದರು. ಒಬ್ಬರು ನ್ಯೂಯಾರ್ಕಿನಲ್ಲಿ, ಇನ್ನೊಬ್ಬರು ಲಂಡನ್ನಿನಲ್ಲಿ. ವಾರಕ್ಕೊಂದರಂತೆ 52 ವಾರ ಕೈಯಲ್ಲಿ ಬಿಡಿಸಿದ ಕಾರ್ಡುಗಳನ್ನು ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳಿಸಿದರು.

ನಮ್ಮಲ್ಲಿ ಒಬ್ಬಳು ಫೋನು ತೆಗೆದ ಪ್ರತಿ ಸಲಕ್ಕೂ ಒಂದೊಂದು ಅಡಿಕೆ ಬಿಡಿಸಿದಳು. ತನಗೇ ಬೇಕು ಅನಿಸಿ ತೆಗೆದಿದ್ದರೆ ಹಸಿರು ಅಡಿಕೆ. ಫೋನೇ ಟಿಣ್ ಅಂತ ಕರೆದು ತೆಗೆದಿದ್ದರೆ ಹಣ್ಣಡಿಕೆ. ವಾರದ ಗೊನೆ ಮುಗಿದಾಗ ಹೆಚ್ಚುಕಡಿಮೆ ಪೂರ್ತಿ ಕಿತ್ತಳೆ ಬಣ್ಣ. ಅವಳು ಏನೂ ಹೇಳಲಿಲ್ಲ. ಹಸಿರು ಅಡಿಕೆಗಳನ್ನು ಬೆರಳಿಟ್ಟು ಎಣಿಸಿದಳು. ಫೋನಿನಲ್ಲೇ ಸ್ಕ್ರೀನ್ ಟೈಮ್ ತೋರಿಸುವ ಲೆಕ್ಕ ಉಂಟು. ಆದರೆ ಅದು ಎಷ್ಟು ಹೊತ್ತು, ಎಷ್ಟು ಸಲ ಅಂತ ಹೇಳುತ್ತದೆ, ಅಷ್ಟೇ. ಯಾರು ಯಾರನ್ನು ಕರೆದದ್ದು ಅನ್ನುವುದು ಅವಳ ಗೊನೆಯಲ್ಲಿತ್ತು. ಏನನ್ನು ಲೆಕ್ಕ ಹಿಡಿಯುವುದು, ಏನನ್ನು ಬಿಡುವುದು ಅನ್ನುವುದೇ ಮೊದಲನೆಯ ತೀರ್ಮಾನ. ಈ ಹೆಜ್ಜೆಯಲ್ಲಿ ಅಷ್ಟು ತಿಳಿದರೆ ಸಾಕು.

ಎರಡನೇ ಹೆಜ್ಜೆ: ಕೆಟ್ಟ ಫೋನನ್ನು ಹರಡಿ ಇಡಿ

ಬ್ಯಾಟರಿಯನ್ನು ನೀವು ತೆಗೆಯಬೇಡಿ. ಮೊಬೈಲ್ ರಿಪೇರಿ ಅಂಗಡಿಯಲ್ಲೇ ತೆಗೆಸಿಕೊಂಡು ಬನ್ನಿ. ಉಬ್ಬಿದ ಬ್ಯಾಟರಿಗೆ ಸೂಜಿ, ಸ್ಕ್ರೂಡ್ರೈವರ್ ತಾಗಿದರೂ ಬೆಂಕಿ ಹತ್ತಬಹುದು. ಗಾಜು ಒಡೆದಿದ್ದರೆ ಮೇಲೆ ಅಗಲದ ಟೇಪು ಅಂಟಿಸಿ. ಆಮೇಲೆ ಒಂದೊಂದೇ ಭಾಗ ಬಿಚ್ಚಿ, ಒಂದು ದೊಡ್ಡ ಅಡಿಕೆ ಹಾಳೆಯ ಮೇಲೆ ಸಾಲಾಗಿ ಇಟ್ಟು, ಪ್ರತಿಯೊಂದನ್ನೂ ನೋಡಿಕೊಂಡು ಪೆನ್ಸಿಲಿನಲ್ಲಿ ಬಿಡಿಸಿ. ಅರ್ಧ ಗಂಟೆ ಮಾತಾಡದೆ ಬಿಡಿಸಿ.

ಆಮೇಲೆ ಪ್ರತಿ ಭಾಗದಿಂದ ಒಂದು ನೂಲು ಎಳೆದು ಗೋಡೆಯ ಮೇಲಿನ ಜಗತ್ತಿನ ನಕ್ಷೆಗೆ ಕಟ್ಟಿ. ಬ್ಯಾಟರಿಯಲ್ಲಿ ಕೋಬಾಲ್ಟ್ ಇರುತ್ತದೆ. ಜಗತ್ತಿನ ಕೋಬಾಲ್ಟಿನ ಅರ್ಧಕ್ಕಿಂತ ಜಾಸ್ತಿ ಆಫ್ರಿಕಾದ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಲಿಥಿಯಂಗೆ ನೂಲು ಆಸ್ಟ್ರೇಲಿಯಾಕ್ಕೋ ಚಿಲಿಗೋ ಹೋಗುತ್ತದೆ. ಮುಟ್ಟಿದರೆ ತಿಳಿಯುವ ಪರದೆಯ ಮೇಲೆ ಇಂಡಿಯಂ ಎಂಬ ಲೋಹ ಸೇರಿದ ತೆಳು ಲೇಪ. ಸ್ಪೀಕರಿನ ಆಯಸ್ಕಾಂತದಲ್ಲಿ ನಿಯೋಡಿಮಿಯಂ. 2018ರಲ್ಲಿ ಕೇಟ್ ಕ್ರಾಫರ್ಡ್ ಮತ್ತು ವ್ಲಾದನ್ ಯೋಲರ್ ಅವರು ಅಮೆಜಾನ್ ಕಂಪನಿಯ ಎಕೋ ಎಂಬ ಮಾತಾಡುವ ಸ್ಪೀಕರನ್ನು ಹಿಡಿದು ಹೀಗೇ ಒಂದು ದೊಡ್ಡ ನಕ್ಷೆ ಬಿಡಿಸಿದರು. ಗಣಿಯಿಂದ ಹಿಡಿದು ಕಸದ ರಾಶಿಯವರೆಗೆ ಒಂದೇ ಚಿತ್ರದಲ್ಲಿ ಕಾಣುತ್ತದೆ. ಮಕ್ಕಳಿಗೆ ತೋರಿಸಿ. ಆದರೆ ನಿಮ್ಮ ನಕ್ಷೆ ಮುಗಿದ ಮೇಲೆ ತೋರಿಸಿ, ಮೊದಲೇ ಬೇಡ.

ಕೊನೆಯ ನೂಲು ನಮ್ಮ ಊರಿಗೇ ಬರಬೇಕು. ಫೋನು ಕೆಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ? ಹೆಚ್ಚಿನ ಮನೆಗಳಲ್ಲಿ ಕಪಾಟಿನ ಮೂಲೆಗೆ. ಮನೆಗೆ ಪ್ಲಾಸ್ಟಿಕ್ ಒಯ್ಯಲು ಬರುವ ಹರಿತ ಕರ್ಮ ಸೇನೆಯ ಅಕ್ಕಂದಿರನ್ನು ಕೂರಿಸಿ ಮಾತಾಡಿಸಿ. ಕಸದ ಬಗ್ಗೆ ಅವರಿಗೆ ತಿಳಿದಷ್ಟು ನಮಗೆ ಯಾರಿಗೂ ತಿಳಿದಿಲ್ಲ.

ಮೂರನೇ ಹೆಜ್ಜೆ: ಅಡಿಕೆ ಹೆಕ್ಕುವ ಯಂತ್ರ

ಈಗ ಎಲ್ಲರ ಬಾಯಲ್ಲೂ ಎಐ. ಅದರ ಬುಡದಲ್ಲಿರುವ ಕೆಲಸಗಳಲ್ಲಿ ಒಂದು ಇದು: ಇದು ಇದರ ಗುಂಪಿಗೆ, ಅದು ಅದರ ಗುಂಪಿಗೆ ಎಂದು ವಿಂಗಡಿಸುವುದು. ನಮ್ಮ ಅಂಗಳದಲ್ಲಿ ಇದನ್ನು ಅಜ್ಜಂದಿರ ಕಾಲದಿಂದ ಮಾಡುತ್ತಿದ್ದೇವೆ, ಅಲ್ವಾ? ಚಾಲಿ ಅಡಿಕೆ, ಅಂದರೆ ಬಿಸಿಲಿಗೆ ಒಣಗಿಸಿದ ಹಣ್ಣಡಿಕೆ, ಸುಲಿದ ಮೇಲೆ ಒಳ್ಳೆಯದು, ಪಟೋರ (ಬಿರುಕು ಬಿಟ್ಟದ್ದು), ಉಳ್ಳಿಗಡ್ಡೆ, ಕೋಕ, ಕರಿಗೋಟು (ಕಪ್ಪಾಗಿ ಕೆಟ್ಟದ್ದು) ಅಂತ ಹೆಕ್ಕಿ ಬೇರೆ ಮಾಡುತ್ತೇವೆ. ಹಾಗಾಗಿ ಈ ಪಾಠಕ್ಕೆ ಅಡಿಕೆಗಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿಲ್ಲ.

ಮಾಡುವ ಕ್ರಮ ಹೀಗೆ. ಎಲ್ಲ ಬಗೆಯೂ ಬೆರೆತ 60 ಅಡಿಕೆ ತೆಗೆದುಕೊಳ್ಳಿ. ಸಣ್ಣ ಚೀಟಿ ಅಂಟಿಸಿ 1ರಿಂದ 60ರವರೆಗೆ ನಂಬರು ಹಾಕಿ. ಅಡಿಕೆಯಲ್ಲಿ ಪಳಗಿದ ಮೂವರನ್ನು ಕರೆಯಿರಿ. ಒಬ್ಬರು ತೋಟದವರು, ಒಬ್ಬರು ಸುಲಿಯುವವರು, ಸಾಧ್ಯವಿದ್ದರೆ ಅಂಗಡಿಯಲ್ಲಿ ಕೊಳ್ಳುವವರು ಒಬ್ಬರು. ಒಬ್ಬರದ್ದು ಇನ್ನೊಬ್ಬರು ನೋಡದ ಹಾಗೆ ಕೂರಿಸಿ, ಪ್ರತಿ ನಂಬರಿನ ಮುಂದೆ ಯಾವ ಬಗೆ ಅಂತ ಬರೆಸಿ. ಆಮೇಲೆ ಮೂರು ಕಾಗದವನ್ನೂ ಪಕ್ಕಪಕ್ಕ ಇಟ್ಟು, ಮೂವರೂ ಒಪ್ಪಿದ ಅಡಿಕೆಗಳನ್ನು ಒಂದು ಕಡೆ, ಒಪ್ಪದವನ್ನು ಇನ್ನೊಂದು ಕಡೆ ಹರಡಿ.

ಒಪ್ಪದ ರಾಶಿಯ ಸುತ್ತ ಕೂತುಕೊಳ್ಳಿ. ಪಾಠ ಇರುವುದು ಅಲ್ಲೇ.

ನಮ್ಮಲ್ಲಿ 23ನೇ ನಂಬರಿನ ಅಡಿಕೆಯೊಂದಿತ್ತು. ಒಂದು ಬದಿ ಚೆನ್ನಾಗಿ ಉರುಟಾಗಿತ್ತು, ಇನ್ನೊಂದು ಬದಿಯಲ್ಲಿ ಕೂದಲೆಳೆಯಷ್ಟು ಬಿರುಕು. ತೋಟದವರು ಒಳ್ಳೆಯದು ಎಂದಿದ್ದರು. ಕೊಳ್ಳುವವರು ಪಟೋರ ಎಂದಿದ್ದರು. ಸುಲಿಯುವ ಅಕ್ಕ ಅದನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಿ, ಅಂಗೈಯಲ್ಲಿ ತೂಗಿ, "ಇದು ಮಳೆಗೆ ಸಿಕ್ಕಿದ್ದು ಮಾರಾಯ್ರೇ, ಒಳಗೆ ಹೋಗಿದೆ" ಎಂದರು. ಕತ್ತಿಯಲ್ಲಿ ಎರಡು ಭಾಗ ಮಾಡಿದೆವು. ಒಳಗೆ ಕಪ್ಪಾಗಿತ್ತು. ಅವರು ಕಣ್ಣಿನಿಂದ ನೋಡಿ ಹೇಳಿದ್ದಲ್ಲ. ಸದ್ದು, ತೂಕ, ಆ ವರ್ಷದ ಮಳೆಯ ನೆನಪು ಎಲ್ಲ ಸೇರಿಸಿ ಹೇಳಿದ್ದು. ಅಡಿಕೆಯ ಫೋಟೋದಲ್ಲಿ ಇದ್ಯಾವುದೂ ಬರುವುದಿಲ್ಲ. ಮತ್ತೆ, ಬಗೆ ಬದಲಾದರೆ ರೇಟೂ ಬದಲಾಗುತ್ತದೆ. ಹಾಗಾಗಿ ಹೆಸರಿಡುವವರು ಯಾರು ಅನ್ನುವುದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ.

ಮುಂದಿನ ವಾರ ಅದೇ ಅಡಿಕೆಗಳ ಫೋಟೋ ತೆಗೆದು ಯಂತ್ರಕ್ಕೆ ಕಲಿಸಿ. ಗೂಗಲಿನ ಟೀಚೆಬಲ್ ಮೆಷಿನ್ ಎಂಬುದನ್ನು ಕಂಪ್ಯೂಟರಿನಲ್ಲಿ ದುಡ್ಡಿಲ್ಲದೆ ಬಳಸಬಹುದು. ಪ್ರೋಗ್ರಾಮ್ ಬರೆಯಬೇಕಾಗಿಲ್ಲ. ಎರಡೇ ಗುಂಪು ಮಾಡಿ: ಒಳ್ಳೆಯದು, ಕರಿಗೋಟು. ಒಂದೊಂದಕ್ಕೆ 30 ಫೋಟೋ. ಆದರೆ ಒಂದು ವಿಷಯ ಬೇಕೆಂದೇ ಮಾಡಿ. ಒಳ್ಳೆಯ ಅಡಿಕೆಯನ್ನೆಲ್ಲ ಬಿಳಿ ಬಟ್ಟೆಯ ಮೇಲಿಟ್ಟು ಫೋಟೋ ತೆಗೆಯಿರಿ. ಕರಿಗೋಟನ್ನೆಲ್ಲ ಗೋಣಿಯ ಮೇಲಿಟ್ಟು ತೆಗೆಯಿರಿ. ಯಂತ್ರ ಕಲಿತ ಮೇಲೆ ಪರೀಕ್ಷೆ ಮಾಡಿ. ಸರಿಯಾಗಿ ಹೇಳುತ್ತದೆ. ಈಗ ಒಂದು ಚೆಂದದ ಬಿಳಿ ಅಡಿಕೆಯನ್ನು ಗೋಣಿಯ ಮೇಲಿಡಿ. ನಮ್ಮಲ್ಲಿ ಅದು ಖಡಾಖಂಡಿತವಾಗಿ ಕರಿಗೋಟು ಎಂದಿತು. ಅದು ಅಡಿಕೆಯನ್ನು ಕಲಿತೇ ಇರಲಿಲ್ಲ, ಗೋಣಿಯನ್ನು ಕಲಿತಿತ್ತು. ಬೇರೆ ಬೇರೆ ನೆಲ, ಬೇರೆ ಬೇರೆ ಬೆಳಕಿನಲ್ಲಿ ಮತ್ತೆ ಫೋಟೋ ತೆಗೆದು ಕಲಿಸಿ ನೋಡಿ. ತಪ್ಪು ಎಷ್ಟು ಕಡಿಮೆಯಾಯಿತು ಅಂತ ಬರೆದಿಡಿ.

ಇಷ್ಟಾದ ಮೇಲೆ ಮನುಷ್ಯರ ವಿಷಯಕ್ಕೆ ಬನ್ನಿ. ಮೊದಲೇ ಹೇಳಿದರೆ ಅದು ಬರಿಯ ಸುದ್ದಿ. ಅಡಿಕೆ ಮುಟ್ಟಿದ ಮೇಲೆ ಹೇಳಿದರೆ ಮನಸ್ಸಿಗೆ ನಾಟುತ್ತದೆ. 2018ರಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಜಾಯ್ ಬುವೊಲಮ್ವಿನಿ, ಟಿಮ್ನಿಟ್ ಗೆಬ್ರು ಅವರ ಜೊತೆ ಸೇರಿ, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ಕಂಪನಿಗಳ ಯಂತ್ರಗಳನ್ನು ಪರೀಕ್ಷೆ ಮಾಡಿದರು. ಬಿಳಿ ಮೈಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8. ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ಶೇ. 34.7ರವರೆಗೆ. 2019ರಲ್ಲಿ ಕೇಟ್ ಕ್ರಾಫರ್ಡ್ ಮತ್ತು ಟ್ರೆವರ್ ಪ್ಯಾಗ್ಲೆನ್ ಇನ್ನೊಂದು ಕೆಲಸ ಮಾಡಿದರು. ಯಂತ್ರಗಳಿಗೆ ಕಲಿಸಲು ಬಳಸುವ, ಇಮೇಜ್‌ನೆಟ್ ಎಂಬ 1 ಕೋಟಿ 40 ಲಕ್ಷಕ್ಕಿಂತ ಜಾಸ್ತಿ ಚಿತ್ರಗಳ ಭಂಡಾರ ಉಂಟು. ಅದರಲ್ಲಿ ಮನುಷ್ಯರ ಚಿತ್ರಗಳಿಗೆ ಏನೇನು ಹೆಸರು ಅಂಟಿಸಿದ್ದಾರೆ ಅನ್ನುವುದನ್ನು ಜನರಿಗೇ ತೋರಿಸುವ ಕಲಾಕೃತಿ ಮಾಡಿದರು. ನಿಮ್ಮ ಫೋಟೋ ಹಾಕಿದರೆ ಯಂತ್ರ ನಿಮಗೊಂದು ಹೆಸರು ಹೇಳುತ್ತಿತ್ತು. ಎಷ್ಟೋ ಜನರಿಗೆ ಬೈಗುಳವೇ ಬಂತು. ಅದೇ ಸಮಯಕ್ಕೆ ಭಂಡಾರದವರು ಮನುಷ್ಯರ ಸುಮಾರು 6 ಲಕ್ಷ ಚಿತ್ರಗಳನ್ನು ತೆಗೆದುಹಾಕುವುದಾಗಿ ಹೇಳಿದರು. ಚಿತ್ರಗಳಿಗೆ ಹೆಸರು ಅಂಟಿಸಿದವರು ದೂರದಲ್ಲೆಲ್ಲೋ ಕೂತು ಆನ್‌ಲೈನಿನಲ್ಲಿ ಬಿಡಿ ಕೂಲಿಗೆ ದುಡಿದವರು. ನಮ್ಮ ಸುಲಿಯುವ ಅಕ್ಕನ ಹಾಗೆ ವಸ್ತುವನ್ನು ಕೈಯಲ್ಲಿ ಹಿಡಿದು ತೂಗಿ ನೋಡುವ ಪುರುಸೊತ್ತು ಅವರಿಗೆ ಇರಲಿಲ್ಲ.

ನಾಲ್ಕನೇ ಹೆಜ್ಜೆ: ಚೌಕಿಯಲ್ಲಿ ಒಂದು ಸಂಜೆ

ಕುಂಬಳೆ ಸೀಮೆಯವರಿಗೆ ಯಕ್ಷಗಾನದ ಬಗ್ಗೆ ನಾನು ಹೇಳಬೇಕಾಗಿಲ್ಲ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರು. ಊರಿನಲ್ಲಿ ಆಟ ಇರುವ ದಿನ, ಕಲಾವಿದರ ಒಪ್ಪಿಗೆ ಕೇಳಿಕೊಂಡು, ಇಬ್ಬರೇ ಮಕ್ಕಳು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ. ಗದ್ದಲ ಮಾಡಬೇಡಿ, ಅವರ ಬಣ್ಣದ ಹೊತ್ತಿಗೆ ಅಡ್ಡ ಬರಬೇಡಿ. ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ, ಮಾಡುವವರು ಮುಖಕ್ಕೆ ಬಣ್ಣ ಹಚ್ಚಲು ಶುರು ಮಾಡುವಾಗ ಫೋನಿನ ಕ್ಯಾಮೆರಾ ತೆರೆದಿಡಿ. ಮುಖ ಕಂಡರೆ ಕ್ಯಾಮೆರಾ ಒಂದು ಚೌಕ ಹಾಕಿ ತೋರಿಸುತ್ತದೆ. ಹತ್ತು ನಿಮಿಷಕ್ಕೊಮ್ಮೆ ನೋಡಿ: ಚೌಕ ಇನ್ನೂ ಇದೆಯಾ? ಇದ್ದರೆ ಮುಖ ಎಲ್ಲಿಂದ ಎಲ್ಲಿಯವರೆಗೆ ಅಂತ ಅದು ತಿಳಿದಿದೆ? ಪ್ರತಿ ಹಂತವನ್ನೂ ಕೈಯಲ್ಲಿ ಬಿಡಿಸಿ, ಪಕ್ಕದಲ್ಲಿ ಚೌಕ ಇತ್ತು, ಇರಲಿಲ್ಲ ಅಂತ ಬರೆಯಿರಿ.

ಇದರ ಹಿಂದಿನ ಗುಟ್ಟು ಹೇಳುತ್ತೇನೆ. 2001ರಲ್ಲಿ ಪಾಲ್ ವಯೋಲಾ ಮತ್ತು ಮೈಕಲ್ ಜೋನ್ಸ್ ಎಂಬವರು ಮುಖ ಗುರುತಿಸುವ ಒಂದು ವಿಧಾನ ಕಂಡುಹಿಡಿದರು. ಬಹಳ ವರ್ಷ ಕ್ಯಾಮೆರಾಗಳಲ್ಲಿ ಅದೇ ನಡೆಯಿತು. ಅದು ಮುಖವನ್ನು ಕತ್ತಲು ಬೆಳಕಿನ ಪಟ್ಟಿಗಳಾಗಿ ನೋಡುತ್ತದೆ. ಕಣ್ಣಿನ ಸಾಲು ಕಪ್ಪು, ಅದರ ಕೆಳಗೆ ಕೆನ್ನೆ ಬೆಳ್ಳಗೆ, ಎರಡು ಕಣ್ಣಿನ ನಡುವೆ ಮೂಗಿನ ದಂಡು ಬೆಳ್ಳಗೆ. ಈ ಲೆಕ್ಕ ಕೂಡಿದರೆ ಮುಖ. ಬಣ್ಣದ ವೇಷದಲ್ಲಿ ಏನಾಗುತ್ತದೆ ನೋಡಿ. ಕೆನ್ನೆಗೆ ಕಪ್ಪು, ಕೆಂಪು. ಅಂಚಿನಲ್ಲಿ ಚಿಟ್ಟಿ, ಅಂದರೆ ಬಿಳಿ ಹಿಟ್ಟಿನಿಂದ ಇಟ್ಟ ಮುಳ್ಳುಗಳು. ಮೂಗಿನ ತುದಿಯಲ್ಲಿ ಬಿಳಿ ಉಂಡೆ. ಕತ್ತಲು ಬೆಳಕು ಪೂರ್ತಿ ಅದಲುಬದಲು. ಮನುಷ್ಯನನ್ನು ರಾಕ್ಷಸ ಮಾಡಲು ನಮ್ಮ ಕಲಾವಿದರು ಕಂಡುಕೊಂಡ ಉಪಾಯ ಅದು. 2010ರಲ್ಲಿ ಆಡಂ ಹಾರ್ವೆ ಎಂಬ ಕಲಾವಿದ ನ್ಯೂಯಾರ್ಕಿನಲ್ಲಿ ಇದೇ ತತ್ವ ಹಿಡಿದು, ಕ್ಯಾಮೆರಾಕ್ಕೆ ಮುಖ ಸಿಗದ ಹಾಗೆ ಮಾಡುವ ಬಣ್ಣ ಮತ್ತು ಕೂದಲಿನ ವಿನ್ಯಾಸಗಳನ್ನು ಮಾಡಿದರು.

ಇವತ್ತಿನ ಫೋನುಗಳು ಆ ಹಳೆ ವಿಧಾನವನ್ನು ದಾಟಿ ಬಂದಿವೆ. ಕೆಲವು ವೇಷದ ಮುಖವನ್ನೂ ಹಿಡಿಯುತ್ತವೆ. ಹಾಗಾಗಿ ಎರಡು ಮೂರು ಬೇರೆ ಬೇರೆ ಫೋನು ಒಯ್ಯಿರಿ. ಒಂದು ಹಿಡಿದು ಇನ್ನೊಂದು ಬಿಟ್ಟರೆ ಇನ್ನೂ ಒಳ್ಳೆಯದು. ಒಂದೇ ಮುಖ, ಎರಡು ಯಂತ್ರ, ಎರಡು ಉತ್ತರ. ಮಕ್ಕಳು ಅಲ್ಲಿಂದ ಮುಂದಕ್ಕೆ ತಾವೇ ಕೇಳುತ್ತಾರೆ.

ಐದನೇ ಹೆಜ್ಜೆ: ಅಕ್ಷರದ ಕಾರ್ಡುಗಳು

ದಪ್ಪ ಕಾಗದದಲ್ಲಿ ಇಸ್ಪೀಟಿನ ಎಲೆಯಷ್ಟು ಕಾರ್ಡು ಕತ್ತರಿಸಿ. 'ಸೂರ್ಯ' ಎಂಬ ಪದವನ್ನು ಮೊದಲು ಸ್ಲೇಟಿನಲ್ಲಿ ಬರೆಯಿಸಿ. ಸೂ ಬರೆಯುತ್ತಾರೆ, ಯ ಬರೆಯುತ್ತಾರೆ, ಕೊನೆಗೆ ಅರ್ಕಾವೊತ್ತು. ಈಗ ಕಂಪ್ಯೂಟರು ಅದನ್ನು ಹೇಗೆ ಇಟ್ಟುಕೊಳ್ಳುತ್ತದೆ ಅಂತ ಕಾರ್ಡಿನಲ್ಲಿ ಜೋಡಿಸಿ: ಸ, ದೀರ್ಘದ ಕೊಂಬು, ರ, ಅರ್ಧಾಕ್ಷರದ ಗುರುತು, ಯ. ಐದು ಕಾರ್ಡು. ಕಣ್ಣಿಗೆ ಎರಡೇ ಅಕ್ಷರ, ಯಂತ್ರಕ್ಕೆ ಐದು. ಬರೆಯುವಾಗ ಕೊನೆಗೆ ಬರುವ ರಕಾರ ಅಲ್ಲಿ ಯಕಾರದ ಮೊದಲೇ ಕೂತಿದೆ. ಅಂದರೆ ಯಂತ್ರ ಕನ್ನಡವನ್ನು ಕೈ ಬರೆದ ಕ್ರಮದಲ್ಲಿ ಅಲ್ಲ, ಬಾಯಿ ಉಚ್ಚರಿಸಿದ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ. ಇದು ಒಳ್ಳೆಯ ತೀರ್ಮಾನ ಅಂತ ನನ್ನ ಅನಿಸಿಕೆ. ಕೆ. ಪಿ. ರಾವ್ ಅವರು ಕನ್ನಡದ ಕೀಲಿಮಣೆಯನ್ನು ಉಚ್ಚಾರದ ದಾರಿಯಲ್ಲೇ ಜೋಡಿಸಿದ್ದರಿಂದ ಸಾವಿರಾರು ಜನ ಸಲೀಸಾಗಿ ಬರೆಯಲು ಕಲಿತರು. ವಿಮರ್ಶೆ ಅಂದರೆ ಬರೀ ತಪ್ಪು ಹುಡುಕುವುದಲ್ಲ ಅಂತ ಮಕ್ಕಳಿಗೆ ಇಲ್ಲೇ ಹೇಳಿ.

ಇನ್ನೊಂದು ಸಣ್ಣ ಲೆಕ್ಕ. ಹಳೆಯ ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಯುತ್ತದೆ. ಕನ್ನಡದ್ದು 70. ಆ 70ರಲ್ಲಿ 'ಸೂರ್ಯ' ಐದನ್ನು ತಿನ್ನುತ್ತದೆ. 70 ಚೌಕಗಳ ಒಂದು ಪಟ್ಟಿ ಮಾಡಿ, ಅಮ್ಮನಿಗೆ ಕಳಿಸುವ ಒಂದು ಮೆಸೇಜನ್ನು ಕಾರ್ಡಿನಂತೆ ತುಂಬಿಸಿ. ಜಾಗ ಎಷ್ಟು ಬೇಗ ಮುಗಿಯುತ್ತದೆ ಅಂತ ಕೈಗೇ ತಿಳಿಯುತ್ತದೆ.

ಈಗ ನನಗೆ ತುಂಬ ಇಷ್ಟವಾದ ಅಕ್ಷರಕ್ಕೆ ಬರುತ್ತೇನೆ: ೞ. ಹಳಗನ್ನಡದಲ್ಲಿ ಮೞೆ, ಬಾೞೆ, ಕೋೞಿ, ಏೞು ಎನ್ನುತ್ತಿದ್ದರು. ಈಗ ನಾವು ಮಳೆ, ಬಾಳೆ, ಕೋಳಿ, ಏಳು ಎನ್ನುತ್ತೇವೆ. ಕನ್ನಡದಲ್ಲಿ ಆ ಉಚ್ಚಾರ ಹೋಗಿ ಎಷ್ಟೋ ಶತಮಾನ ಆಯಿತು. ಆದರೆ ಕಾಸರಗೋಡಿನಲ್ಲಿ ಅದನ್ನು ದಿನಾ ಕೇಳುತ್ತೇವೆ. ಪಕ್ಕದ ಮನೆಯವರು ಮಲಯಾಳದಲ್ಲಿ ಮೞ ಬರುತ್ತದೆ ಎನ್ನುತ್ತಾರೆ. ಅದೇ ಉಚ್ಚಾರ. ಕೋೞಿಕ್ಕೋಡ್, ಆಲಪ್ಪುೞ ಎಂಬ ಊರ ಹೆಸರುಗಳಲ್ಲೂ ಅದೇ. ಕನ್ನಡದಲ್ಲಿ ಬರೆಯುವಾಗ ಮಾತ್ರ 'ಝ' ಹಾಕಿ ಆಲಪ್ಪುಝ ಮಾಡುತ್ತೇವೆ. ನಮ್ಮದೇ ಅಕ್ಷರ ಇರುವಾಗ!

ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಕಂಪ್ಯೂಟರಿಗಾಗಿ ಒಂದು ನಂಬರು ಕೊಡುವ ಪಟ್ಟಿಗೆ ಯೂನಿಕೋಡ್ ಎನ್ನುತ್ತಾರೆ. ಅದರಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ೞ ಕೂಡ ಇದೆ. ಆದರೆ ಅದರ ಅಧಿಕೃತ ಹೆಸರು 'ಕನ್ನಡ ಲೆಟರ್ ಫಾ'. ತಪ್ಪು ಹೆಸರು. ತಪ್ಪು ಅಂತ ಆ ಪಟ್ಟಿಯಲ್ಲೇ ಟಿಪ್ಪಣಿ ಬರೆದಿದ್ದಾರೆ. ಆದರೂ ತಿದ್ದುವ ಹಾಗಿಲ್ಲ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವುದಿಲ್ಲ ಅನ್ನುವುದು ಯೂನಿಕೋಡಿನ ನಿಯಮ. ಬದಲಿಸಿದರೆ ಹೆಸರನ್ನೇ ನಂಬಿಕೊಂಡ ಸಾಫ್ಟ್‌ವೇರುಗಳು ಎಡವುತ್ತವೆ. ಹಳೆ ಹವಾಯಿ ಚಪ್ಪಲಿಯ ರಬ್ಬರಿನಲ್ಲಿ ೞ ಅಕ್ಷರವನ್ನು ತಿರುಗುಮುರುಗಾಗಿ ಕೊರೆದು ಅಚ್ಚು ಮಾಡಿ. ಬ್ಲೇಡು ದೊಡ್ಡವರ ಕೈಯಲ್ಲಿರಲಿ. ಶಾಯಿ ಮುಟ್ಟಿಸಿ ಕಾಗದದ ಮೇಲೆ ಒತ್ತಿ. 'ಬಾೞೆ' ಅಂತ ಪೂರ್ತಿ ಅಚ್ಚು ಹಾಕಿದ ಮೇಲೆ ಮನೆಗೆ ಒಯ್ದು ಮಲಯಾಳ ಬಲ್ಲವರಿಂದ ಓದಿಸಿ. ನಾವು ಅಚ್ಚು ಒತ್ತಿದ ದಿನ ವಾಚನಾಲಯದ ನೆಲ ಪೂರ್ತಿ ೞ.

ತುಳು ಮನೆಮಾತಿನ ಮಕ್ಕಳಿದ್ದರೆ ಇದನ್ನೂ ಹೇಳಿ: ತುಳು ತಿಗಳಾರಿ ಲಿಪಿ ಯೂನಿಕೋಡಿಗೆ ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ. ಕನ್ನಡ ಸೇರಿ 33 ವರ್ಷ ಆದ ಮೇಲೆ.

ಆ ಹುಡುಗಿಯ ಎಂಗೊ ಏನಾಯಿತು? ಕೆಂಪು ಗೆರೆ ಬಂದ ಪದವನ್ನು ಮುಟ್ಟಿದರೆ ಹೆಚ್ಚಿನ ಫೋನುಗಳಲ್ಲಿ ನಿಘಂಟಿಗೆ ಸೇರಿಸುವ ದಾರಿ ಉಂಟು. ಅವಳು ಸೇರಿಸಿದಳು. ಅಮ್ಮನ ಫೋನಿನಲ್ಲಿ ಈಗ ಗೆರೆ ಬರುವುದಿಲ್ಲ. ಆಮೇಲೆ ಎಂಗೊ, ನಿಂಗೊ, ಆನು ಅಂತ ತನ್ನ ಮನೆಯ 40 ಪದಗಳ ಒಂದು ಸಣ್ಣ ಪುಸ್ತಕ ಹೊಲಿದಳು. ಪ್ರತಿ ಪದದ ಕೆಳಗೆ ಕೆಂಪು ನೂಲಿನ ಗೆರೆ. ಅಂಥ ಪುಸ್ತಕವನ್ನು ಪ್ರತಿ ಮಗುವಿನಿಂದಲೂ ಮಾಡಿಸಿ. ಬ್ಯಾರಿ, ಮರಾಠಿ, ಕೊಂಕಣಿ, ತುಳು ಯಾವುದಾದರೂ ಆಗಲಿ.

ಆರನೇ ಹೆಜ್ಜೆ: ನಕ್ಷೆ ಹಿಡಿದು ನಡೆಯುವುದು

ಒಂದು ಕಿಲೋಮೀಟರ್ ದಾರಿ ಆರಿಸಿಕೊಳ್ಳಿ. ಕಾಗದದಲ್ಲಿ ಮೂರು ಸಾಲು ಮಾಡಿ. ಒಂದರಲ್ಲಿ ಬೋರ್ಡಿನಲ್ಲಿರುವ ಹೆಸರು, ಒಂದರಲ್ಲಿ ಫೋನಿನ ನಕ್ಷೆಯಲ್ಲಿರುವ ಹೆಸರು, ಒಂದರಲ್ಲಿ ಅಲ್ಲಿಯ ಹಿರಿಯರು ಹೇಳುವ ಹೆಸರು. ಕುಂಬಳೆ ಕುಂಬಳವಾಗುತ್ತದೆ, ಮಂಜೇಶ್ವರ ಮಂಜೇಶ್ವರಂ ಆಗುತ್ತದೆ. ಇವು ಎಲ್ಲರಿಗೂ ಗೊತ್ತಿರುವುದು. ಸಣ್ಣ ಹೆಸರುಗಳನ್ನು ಹುಡುಕಿ. ಕಟ್ಟ, ಪದವು, ಅಡ್ಕ, ಮೂಲೆ, ಗುಡ್ಡೆ ಅಂತ ಕೊನೆಯಾಗುವ ಹೆಸರುಗಳು ನೆಲದ ಗುಣವನ್ನೇ ಹೇಳುತ್ತವೆ. ನಕ್ಷೆಯಲ್ಲಿ ಅವು ಹೆಚ್ಚಾಗಿ ಇರುವುದೇ ಇಲ್ಲ, ಅಥವಾ ಹತ್ತಿರದ ಅಂಗಡಿಯ ಹೆಸರಿನಲ್ಲಿ ಮುಚ್ಚಿಹೋಗಿರುತ್ತವೆ.

ನಕ್ಷೆ ಎಷ್ಟು ನಂಬಿಕೆಗೆ ಅರ್ಹ ಅನ್ನುವುದಕ್ಕೆ ಒಂದು ಕಲಾಕೃತಿಯ ಕಥೆ ಹೇಳಿ. ಜರ್ಮನಿಯ ಸಿಮೋನ್ ವೆಕರ್ಟ್ ಒಂದು ಕೈಗಾಡಿಯಲ್ಲಿ 99 ಹಳೆ ಫೋನು ತುಂಬಿಸಿಕೊಂಡು ಬರ್ಲಿನ್ನಿನ ರಸ್ತೆಯಲ್ಲಿ ನಿಧಾನ ನಡೆದರು. ಗೂಗಲ್ ನಕ್ಷೆಯಲ್ಲಿ ಖಾಲಿ ರಸ್ತೆ ಕೆಂಪಾಯಿತು. 99 ಫೋನು ನಿಧಾನ ಹೋಗುತ್ತಿದ್ದರೆ 99 ಗಾಡಿ ಸಿಕ್ಕಿಹಾಕಿಕೊಂಡಿವೆ ಅಂತ ಅದು ಲೆಕ್ಕ ಹಾಕಿತು. 2020ರಲ್ಲಿ ಇದು ಜಗತ್ತಿಗೆ ತಿಳಿಯಿತು.

ನಮ್ಮ ಕೆಲಸ ಇಲ್ಲಿಗೆ ನಿಲ್ಲಬಾರದು. ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ನಕ್ಷೆಯನ್ನು 2004ರಿಂದ ಜನರೇ ಸೇರಿ ಮಾಡುತ್ತಿದ್ದಾರೆ. ಅದರಲ್ಲಿ ಒಂದು ಊರಿಗೆ ಎಷ್ಟು ಭಾಷೆಯ ಹೆಸರನ್ನು ಬೇಕಾದರೂ ಸೇರಿಸಬಹುದು. ಕನ್ನಡಕ್ಕೆ ಬೇರೆಯೇ ಕಾಲಂ ಇದೆ. ಮಲಯಾಳದ ಹೆಸರನ್ನು ಅಳಿಸಬೇಡಿ, ಪಕ್ಕದಲ್ಲಿ ನಮ್ಮದನ್ನು ಇಡಿ. ಯಾರ ಮನೆಯ ಹೆಸರನ್ನೂ ಸೇರಿಸಬೇಡಿ. ಊರು, ಹೊಳೆ, ಗುಡ್ಡ, ಬಸ್ ಸ್ಟಾಪು ಸಾಕು.

ಏಳನೇ ಹೆಜ್ಜೆ: ಇಲ್ಲದ ಯಂತ್ರವನ್ನು ಮಾಡುವುದು

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿದ್ದ ಆಂಟನಿ ಡನ್ ಮತ್ತು ಫಿಯೋನಾ ರೇಬಿ 1990ರ ದಶಕದ ಕೊನೆಗೆ ಒಂದು ಹೊಸ ದಾರಿ ತೋರಿಸಿದರು. ಮಾರಲಿಕ್ಕೆ ಅಲ್ಲ, ಪ್ರಶ್ನೆ ಕೇಳಲಿಕ್ಕೆ ವಸ್ತುಗಳನ್ನು ವಿನ್ಯಾಸ ಮಾಡುವುದು. ನಾವು ಅದನ್ನು ಒಂದು ಹೆಬ್ಬೆಟ್ಟಿನಿಂದ ಶುರು ಮಾಡಿದೆವು.

ನೆರೆಮನೆಯ ದೊಡ್ಡಮ್ಮ ಎಷ್ಟೋ ವರ್ಷ ಬೀಡಿ ಕಟ್ಟಿದವರು, ಈಗ ಅಡಿಕೆ ಸುಲಿಯುತ್ತಾರೆ. ರೇಷನ್ ಅಂಗಡಿಯಲ್ಲಿ ಯಂತ್ರದ ಮೇಲೆ ಬೆರಳಿಟ್ಟರೆ ಹಿಡಿಯುವುದಿಲ್ಲ. ಬೆರಳು ಹಿಡಿಯದಿದ್ದರೆ ಫೋನಿಗೆ ಒಟಿಪಿ ಬರುವ ದಾರಿ ಉಂಟು. ಆದರೆ ಆ ನಂಬರಿನ ಫೋನು ಮಗನ ಹತ್ತಿರ, ಮಗ ಮಂಗಳೂರಿನಲ್ಲಿ. ಒಮ್ಮೆ ಒಂದೇ ವಾರದಲ್ಲಿ ಮೂರು ಸಲ ನಡೆದು ಬಂದರು.

ಸ್ಟಾಂಪ್ ಪ್ಯಾಡಿನ ಶಾಯಿಯಲ್ಲಿ ಎಲ್ಲರ ಹೆಬ್ಬೆಟ್ಟನ್ನೂ ಬಿಳಿ ಕಾಗದದ ಮೇಲೆ ಒತ್ತಿ, ಫೋನಿನಲ್ಲಿ ದೊಡ್ಡದು ಮಾಡಿ ನೋಡಿ. ಮಕ್ಕಳದ್ದು ಗದ್ದೆಯ ಉಳುಮೆಯ ಹಾಗೆ ಸಾಲುಸಾಲು. ದೊಡ್ಡಮ್ಮನದ್ದು ನಡುವೆ ಬರೀ ನೀಲಿ ಕಲೆ, ಅಂಚಿನಲ್ಲಿ ನಾಲ್ಕೈದು ಗೆರೆ, ಅಡ್ಡಲಾಗಿ ಕತ್ತಿಯ ಹಳೆ ಗಾಯ. ದುಡಿಮೆ ತಿಂದ ಗೆರೆಗಳು.

ಈಗ ಮಕ್ಕಳಿಗೆ ರಟ್ಟು, ಗೋಂದು ಕೊಟ್ಟು ಹೇಳಿ: ದೊಡ್ಡಮ್ಮನಿಗಾಗಿ ಒಂದು ಯಂತ್ರ ಮಾಡಿ. ಅದು ನಿಜವಾಗಿ ನಡೆಯಬೇಕಾಗಿಲ್ಲ. ಅದರ ಮುಂದೆ ನಿಂತವರಿಗೆ ಹೇಗೆ ಅನಿಸಬೇಕು, ಅದು ಸೋತರೆ ಏನು ಮಾಡಬೇಕು ಅನ್ನುವುದನ್ನು ತೀರ್ಮಾನ ಮಾಡಿ. ಒಬ್ಬ ಹುಡುಗ ಯಂತ್ರದ ಮುಂದೆ ಕುರ್ಚಿ ಇಟ್ಟ. ಇನ್ನೊಬ್ಬಳು ಯಂತ್ರದ ಪಕ್ಕ ಒಂದು ಪುಸ್ತಕ ಕಟ್ಟಿದಳು. ಯಂತ್ರಕ್ಕೆ ಗುರುತು ಸಿಗದಿದ್ದರೆ ಸಾಲಿನಲ್ಲಿರುವ ಇಬ್ಬರು ಅದರಲ್ಲಿ ಸಹಿ ಹಾಕಿ ಇವರು ನಮಗೆ ಗೊತ್ತು ಎನ್ನಬಹುದು. ಅದರಲ್ಲಿ ಮೋಸ ಆಗಬಹುದಲ್ಲ ಅಂತ ಮೂರನೆಯವಳು ಕೇಳಿದಳು. ಒಂದು ಗಂಟೆ ಚರ್ಚೆ ನಡೆಯಿತು. ಏಳನೇ ಕ್ಲಾಸಿನ ಹುಡುಗ ಮಾಡಿದ ಪೆಟ್ಟಿಗೆಯ ಮೇಲೆ ಹೀಗೆ ಬರೆದಿತ್ತು: 'ಎರಡು ಸಲ ಬೆರಳು ಹಿಡಿಯದಿದ್ದರೆ ಯಂತ್ರವೇ ತಪ್ಪು ನನ್ನದು ಎನ್ನಬೇಕು. ಕನ್ನಡ, ಮಲಯಾಳ, ತುಳು ಮೂರರಲ್ಲೂ.'

ಪ್ರದರ್ಶನ ಮತ್ತು ಆಮೇಲಿನ ಕೆಲಸ

ಪ್ರದರ್ಶನಕ್ಕೆ ಬಟ್ಟೆ ಒಣಗಿಸುವ ಹಗ್ಗ, ಕ್ಲಿಪ್ಪು ಸಾಕು. ವಾಚನಾಲಯ ಇಲ್ಲದಿದ್ದರೆ ಶಾಲೆಯ ಜಗಲಿ. ಚಿತ್ರದ ಕೆಳಗೆ ದೊಡ್ಡ ವಿವರಣೆ ಬರೆಯಬೇಡಿ. ಮಾಡಿದ ಮಗು ಪಕ್ಕದಲ್ಲಿ ನಿಂತು ಹೇಳಲಿ. ಅಡಿಕೆಯ ಮೇಜನ್ನು ಮಾತ್ರ ಹಾಗೇ ಇಡಿ. ಬಂದವರು ತಾವೂ ಹೆಕ್ಕಲಿ. ಮಕ್ಕಳಿಗೆ ಮುಂದೆ ಹೆಚ್ಚು ನೋಡುವ ಆಸೆ ಇದ್ದರೆ ಕೊಚ್ಚಿ ಬಿಯೆನಾಲೆ ಎಂಬ ದೊಡ್ಡ ಕಲಾ ಪ್ರದರ್ಶನ ನಡೆಯುವ ವರ್ಷ ಕರೆದುಕೊಂಡು ಹೋಗಿ. 2012ರಲ್ಲಿ ಶುರುವಾದದ್ದು. ಕಾಸರಗೋಡಿನಿಂದ ರೈಲಿನಲ್ಲಿ ಹೋಗಿ ಬರಬಹುದು.

ಕೊನೆಗೆ ಮೂರು ಕೆಲಸ ಮರೆಯಬೇಡಿ. ಹೆಬ್ಬೆಟ್ಟಿನ ಕಾಗದಗಳನ್ನು ಗೋಡೆಗೆ ಹಾಕಬೇಡಿ, ಫೋಟೋಗಳನ್ನು ಫೋನಿನಿಂದ ಅಳಿಸಿ, ಕಾಗದವನ್ನು ಅವರವರ ಕೈಗೇ ಕೊಡಿ. ದೊಡ್ಡಮ್ಮ ತನ್ನದನ್ನು ಒಯ್ದು ಬಚ್ಚಲೊಲೆಗೆ ಹಾಕಿದರು. ಚೌಕಿಯ ಚಿತ್ರಗಳನ್ನು ತೋರಿಸುವ ಮೊದಲು ಆ ಕಲಾವಿದರಿಗೆ ತೋರಿಸಿ ಒಪ್ಪಿಗೆ ಕೇಳಿ. ಮತ್ತೆ 60 ಅಡಿಕೆಯ ಚೀಟಿ ಕಿತ್ತು, ಎಣಿಸಿ, ತಂದವರ ಮನೆಗೆ ಮುಟ್ಟಿಸಿ. ನಮ್ಮಲ್ಲಿ 59 ಇದ್ದವು. 23ನೆಯದನ್ನು ಕತ್ತರಿಸಿದ್ದೆವಲ್ಲ.